ಮದ್ರಾಸಿನ ಕಡತಗಳಲ್ಲಿ ಉಳಿದುಹೋದ ನಮ್ಮವರು: ದಕ್ಷಿಣ ಕನ್ನಡದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಮಸ್ಕಾರ. ಮೊದಲ ಲೋಕಸಭೆಯಲ್ಲಿ ನಮ್ಮ ಮಂಗಳೂರಿನ ಪರವಾಗಿ ಕೂತವರು ಬೆನಗಲ್ ಶಿವರಾವ್. ಅದೇ ಹೊಣೆ ಇಂದು ತಮ್ಮ ಮೇಲಿದೆ. ರಸ್ತೆ, ರೈಲು, ಬಂದರು ಎಂದು ತಮಗೆ ಬರುವ ಅರ್ಜಿಗಳ ನಡುವೆ ನನ್ನದು ಬೇರೆ ಬಗೆಯದು. ಮದ್ರಾಸ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ ನಮ್ಮ ಹಳೆಯ ಜಿಲ್ಲೆಯವರ ಹೆಸರುಗಳನ್ನೆಲ್ಲ ಹುಡುಕಿ, ಒಂದೆಡೆ ಸೇರಿಸಿ, ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಈ ಕೆಲಸ ತಮ್ಮಿಂದ ಶುರುವಾಗಬೇಕು ಎಂದು ಕೇಳಿಕೊಳ್ಳುತ್ತಿದ್ದೇನೆ.

ಮದ್ರಾಸ್ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ, ಕಲ್ಕತ್ತ ಮತ್ತು ಬೊಂಬಾಯಿ ವಿಶ್ವವಿದ್ಯಾಲಯಗಳು ಹುಟ್ಟಿದ ವರ್ಷವೇ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿಗೆ ಸೇರಿದವರು. ಉಡುಪಿ ಮಾತ್ರವಲ್ಲ, ಕಾಸರಗೋಡು ಕೂಡ ಆಗ ನಮ್ಮ ಜಿಲ್ಲೆಯೊಳಗೇ ಇತ್ತು. ಹಂಪನಕಟ್ಟೆಯ ಸರ್ಕಾರಿ ಕಾಲೇಜು, 1880ರ ಸಂತ ಅಲೋಶಿಯಸ್, 1921ರ ಸಂತ ಆಗ್ನೆಸ್, ಎಲ್ಲವೂ ಮದ್ರಾಸಿನ ಅಡಿಯಲ್ಲೇ ನಡೆದವು. ರಾಜ್ಯ ಒಂದಾದ ಮೇಲೆ ಆ ನಂಟು ಕಡಿಯಿತು. 1968ರಲ್ಲಿ ಕೊಣಾಜೆಗೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂತು, 1980ರಲ್ಲಿ ಅದೇ ಮಂಗಳೂರು ವಿಶ್ವವಿದ್ಯಾಲಯವಾಯಿತು. ಒಳ್ಳೆಯದೇ ಆಯಿತು. ಆದರೆ ಅದಕ್ಕೂ ಹಿಂದಿನ ಸುಮಾರು ನೂರು ವರ್ಷ ಓದಿದವರು ಯಾರ ಹಳೆಯ ವಿದ್ಯಾರ್ಥಿಗಳು? ಮಂಗಳೂರು ವಿಶ್ವವಿದ್ಯಾಲಯಕ್ಕೆ ಅವರು ತನ್ನವರಲ್ಲ. ಮದ್ರಾಸಿನವರ ಬಾಯಲ್ಲಿ ಸಿ.ವಿ. ರಾಮನ್, ರಾಧಾಕೃಷ್ಣನ್, ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರು ಬರುತ್ತದೆ. ನೇತ್ರಾವತಿ ದಂಡೆಯವರ ಹೆಸರು ಅವರಿಗಾದರೂ ಯಾಕೆ ನೆನಪಾಗಬೇಕು? ನೆನಪಿಟ್ಟುಕೊಳ್ಳಬೇಕಾದವರು ನಾವು.

ನಾನು ಬಂಟ್ವಾಳ ತಾಲೂಕಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು. ಸಂವಿಧಾನ ದಿನದಂದು ಈಗಲೂ ಶಾಲೆಗಳಿಗೆ ಕರೆಯುತ್ತಾರೆ, ಹೋಗುತ್ತೇನೆ. ಅಂಬೇಡ್ಕರ್ ಹೆಸರು ಹೇಳದ ಮಗು ಇಲ್ಲ, ಅದು ಹಾಗೆಯೇ ಇರಬೇಕು. ಬೆನಗಲ್ ನರಸಿಂಗ ರಾವ್ ಯಾರು ಎಂದು ಕೇಳಿದರೆ ಮಾತ್ರ ತರಗತಿಯಲ್ಲಿ ಸದ್ದಿಲ್ಲ. ಹಿಂದೆ ನಿಂತ ಮಾಸ್ತರರದ್ದೂ ಸದ್ದಿಲ್ಲ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಇಡೀ ಮದ್ರಾಸ್ ಪ್ರೆಸಿಡೆನ್ಸಿಗೆ ಮೊದಲಿಗನಾಗಿ ತೇರ್ಗಡೆಯಾದ ಹುಡುಗ ಅವರು. 1905ರಲ್ಲಿ ಮದ್ರಾಸಿನ ಪದವಿ, ಮುಂದೆ ಕೇಂಬ್ರಿಜ್, ಐ.ಸಿ.ಎಸ್. ಸಂವಿಧಾನ ರಚನಾ ಸಭೆಗೆ ಸಲಹೆಗಾರರಾಗಿ 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದವರು ಅವರೇ. ಸಭೆಯ ಸದಸ್ಯರೂ ಆಗಿರಲಿಲ್ಲ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ತಮಗೆ ಸಂದ ಶ್ರೇಯಸ್ಸಿನಲ್ಲಿ ನರಸಿಂಗ ರಾವ್ ಅವರಿಗೂ ಪಾಲಿದೆ ಎಂದು ಬಾಯ್ತುಂಬ ಹೇಳಿದ್ದಾರೆ. ಅಂಬೇಡ್ಕರ್ ಮರೆಯದ ಹೆಸರನ್ನು ಅವರು ಓದಿದ ಊರು ಮರೆತರೆ ಹೇಗೆ?

ಆ ಕೆನರಾ ಹೈಸ್ಕೂಲನ್ನು 1891ರಲ್ಲಿ ಕಟ್ಟಿದವರು ಮೂಲ್ಕಿಯ ಅಮ್ಮೆಂಬಳ ಸುಬ್ಬರಾವ್ ಪೈ. ಅವರೂ ಮದ್ರಾಸಿನಲ್ಲಿ ಕಾನೂನು ಓದಿ ಬಂದ ವಕೀಲರು. 1906ರಲ್ಲಿ ಕೆನರಾ ಬ್ಯಾಂಕಿಗೆ ಬೀಜ ಹಾಕಿದವರೂ ಅವರೇ. ಮದ್ರಾಸಿಗೆ ಹೋಗಿ ಬಂದ ಒಬ್ಬರು ಊರಿನಲ್ಲಿ ಶಾಲೆ ತೆರೆಯುತ್ತಾರೆ, ಆ ಶಾಲೆಯ ಹುಡುಗ ಮದ್ರಾಸಿಗೆ ಹೋಗಿ ದೇಶದ ಸಂವಿಧಾನದ ಕರಡು ಬರೆಯುವ ಮಟ್ಟಕ್ಕೆ ಏರುತ್ತಾನೆ. ಪದವೀಧರರ ಪಟ್ಟಿ ಇಟ್ಟುಕೊಂಡು ಕೂತರೆ ಕಾಣುವುದು ಇಂಥ ನಂಟುಗಳು. ನರಸಿಂಗ ರಾಯರ ತಮ್ಮ ಬೆನಗಲ್ ರಾಮರಾವ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಅಷ್ಟು ಕಾಲ ಆ ಕುರ್ಚಿಯಲ್ಲಿ ಕೂತವರು ಮತ್ತೊಬ್ಬರಿಲ್ಲ.

ಇನ್ನು ಕೌಡೂರು ಸದಾನಂದ ಹೆಗ್ಡೆ. ಕಾರ್ಕಳ ತಾಲೂಕಿನವರು, ಅಲೋಶಿಯಸ್, ಮದ್ರಾಸಿನ ಪ್ರೆಸಿಡೆನ್ಸಿ, ಅಲ್ಲಿಯದೇ ಲಾ ಕಾಲೇಜು ದಾಟಿ ಸುಪ್ರೀಂ ಕೋರ್ಟಿಗೆ ಏರಿದವರು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದ 7 ಮಂದಿಯಲ್ಲಿ ಹೆಗ್ಡೆಯವರೂ ಒಬ್ಬರು. ಅದರ ಬೆನ್ನಿಗೇ ಹಿರಿತನವನ್ನು ಬದಿಗೊತ್ತಿ ಬೇರೆಯವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಎದ್ದು ಬಂದರು. ಮುಂದೆ ಅವರೇ ಲೋಕಸಭೆಯ ಸ್ಪೀಕರ್ ಆದರು. ಅರ್ಜಿ ಹಾಕಿದ ಕೇಶವಾನಂದ ಭಾರತಿ ಸ್ವಾಮೀಜಿ ಎಲ್ಲಿಯವರು? ಕಾಸರಗೋಡಿನ ಎಡನೀರು ಮಠದವರು. ಸಂವಿಧಾನದ ಮೊದಲ ಕರಡು, ಅದನ್ನು ಕಾಯ್ದ ಅರ್ಜಿ, ಕಾಯ್ದ ತೀರ್ಪಿನ ಒಂದು ಪಾಲು, ಮೂರೂ ಒಂದೇ ಹಳೆಯ ಜಿಲ್ಲೆಯವರ ಕೈಯಿಂದ ಬಂದಿವೆ. ಇದನ್ನು ನಮ್ಮ ಮಕ್ಕಳಿಗೆ ಯಾರೂ ಹೀಗೆ ಜೋಡಿಸಿ ಹೇಳಿಲ್ಲ. ಹೇಳುವುದಕ್ಕೆ ಕೈಯಲ್ಲೊಂದು ಪುಸ್ತಕ ಇಲ್ಲ.

ಇವರೆಲ್ಲ ಹೇಗೂ ಹೆಸರಾದವರು, ಪಟ್ಟಿ ಯಾಕೆ ಎಂದು ತಾವು ಕೇಳಬಹುದು. ಹೆಸರಾಗದವರಿಗಾಗಿಯೇ ಪಟ್ಟಿ ಬೇಕು. ನಮ್ಮ ದೊಡ್ಡಮ್ಮ ಸಂತ ಆಗ್ನೆಸ್‌ನಲ್ಲಿ ಓದಿ ಮದ್ರಾಸಿನ ಬಿ.ಎ. ಪಡೆದವರು. ಜೀವನವಿಡೀ ಹೆಣ್ಣುಮಕ್ಕಳಿಗೆ ಗಣಿತ ಹೇಳಿಕೊಟ್ಟರು. ಅವರ ಪದವಿ ಪತ್ರ ಮನೆಯ ಪೆಟ್ಟಿಗೆಯಲ್ಲಿದೆ: ನಾಲ್ಕು ಮಡಿಕೆ ಮಾಡಿಟ್ಟದ್ದು ಮಡಿಕೆಯಲ್ಲೇ ಹರಿದಿದೆ, ಒಂದು ಮೂಲೆಯನ್ನು ಹುಳ ತಿಂದಿದೆ, ಕೈಯಲ್ಲಿ ಬರೆದ ಹೆಸರಿನ ಶಾಯಿ ಕಂದಾಗಿ ಹರಡಿದೆ. ನಮ್ಮ ಮಳೆಗಾಲದ ತೇವಕ್ಕೆ ಕಾಗದ ಎಷ್ಟು ದಿನ ಬಾಳೀತು? ಇಂಥ ಪೆಟ್ಟಿಗೆಗಳು ಊರೂರಿನಲ್ಲಿವೆ, ಹಳೆ ಮನೆ ಕೆಡವುವಾಗ ಗುಜರಿಗೆ ಹೋಗುತ್ತಿವೆ.

ಮತ್ತೊಂದು ಮಾತು ಇದಕ್ಕಿಂತ ದೊಡ್ಡದು. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ. ಅಲ್ಲಿಂದ ಮೇಲೆ ನಮ್ಮ ಜಿಲ್ಲೆಯ ದಲಿತ ಮನೆಯೊಂದರ ಮಗು ಮೊದಲು ಪದವಿ ಪಡೆದದ್ದು ಯಾವ ವರ್ಷ? ಮೊಗವೀರ, ಬಿಲ್ಲವ, ಬ್ಯಾರಿ ಮನೆಗಳಿಂದ ಮೊದಲ ಬಿ.ಎ. ಯಾರು? ಮೊದಲ ಹೆಣ್ಣುಮಗಳು ಯಾರು? ಕಾಲೇಜುಗಳ ಹಳೆಯ ದಾಖಲಾತಿ ಪುಸ್ತಕಗಳಲ್ಲಿ ತಂದೆಯ ಹೆಸರು, ಊರು ಸಿಗುತ್ತವೆ. ಹೆಸರಾದವರ ಪಟ್ಟಿಯಲ್ಲಿ ಮೇಲ್ಜಾತಿಯ ವಕೀಲರೂ ಜಮೀನ್ದಾರರ ಮಕ್ಕಳೂ ತುಂಬಿರುವುದು ನಿಜ. ಆ ಪಟ್ಟಿಗೆ ತೃಪ್ತರಾಗಿ ಕೂರಬಾರದು ಎಂದೇ ಪೂರ್ತಿ ಪಟ್ಟಿ ಕೇಳುತ್ತಿದ್ದೇನೆ.

ಇದನ್ನು ಮಂಗಳೂರಿನಲ್ಲೇ ಕೂತು ಮಾಡಿ ಮುಗಿಸಬಹುದಲ್ಲ ಎಂದರೆ ಆಗುವುದಿಲ್ಲ. ಆರ್ಯಭಟ ಉಪಗ್ರಹದ ರೂವಾರಿ ಯು.ಆರ್. ರಾವ್ ಉಡುಪಿ ಹತ್ತಿರದ ಅದಮಾರಿನವರು, ಆದರೆ ಬಿ.ಎಸ್ಸಿ. ಓದಿದ್ದು ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ. ಅದೂ ಆಗ ಮದ್ರಾಸಿನ ಅಡಿಯಲ್ಲಿತ್ತು. ಮಣಿಪಾಲ ಕಟ್ಟಿದ ಟಿ.ಎಂ.ಎ. ಪೈ ಎಂ.ಬಿ.ಬಿ.ಎಸ್. ಓದಿದ್ದು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ. ಇಂಥವರ ಹೆಸರು ಇಲ್ಲಿನ ಯಾವ ಕಾಲೇಜಿನ ಪುಸ್ತಕದಲ್ಲೂ ಸಿಗದು. ಮದ್ರಾಸ್ ವಿಶ್ವವಿದ್ಯಾಲಯ ಅಚ್ಚು ಹಾಕುತ್ತಿದ್ದ ‘ಕ್ಯಾಲೆಂಡರು’ ಎಂಬ ಪುಸ್ತಕಗಳಲ್ಲಿ ಪದವೀಧರರ ಹೆಸರಿರುತ್ತಿತ್ತು. ಅವನ್ನು ನೋಡಬೇಕಾದರೆ ಚೆನ್ನೈಗೇ ಹೋಗಬೇಕು. ಬೇರೆ ರಾಜ್ಯದ ಬಾಗಿಲು ತಟ್ಟಲು ನಿವೃತ್ತ ಮಾಸ್ತರನಿಗೆ ಬಲವಿಲ್ಲ, ಸಂಸದರಿಗೆ ಇದೆ.

ಪಟ್ಟಿ ಸರಿಯಾಗಿಯೂ ಇರಬೇಕು. ವೇದಿಕೆಗಳಲ್ಲಿ ಮಂಜೇಶ್ವರ ಗೋವಿಂದ ಪೈಗಳನ್ನೂ ಮದ್ರಾಸಿನ ಪದವೀಧರರೆಂದು ಸೇರಿಸಿ ಹೇಳುವುದನ್ನು ಕೇಳಿದ್ದೇನೆ. ತಂದೆ ತೀರಿಕೊಂಡ ಕಾರಣ ಅವರು ಬಿ.ಎ. ಮುಗಿಸದೆ ಊರಿಗೆ ಬಂದರು. 1949ರಲ್ಲಿ ಮದ್ರಾಸ್ ಸರ್ಕಾರವೇ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಇಲ್ಲದ ಪದವಿ ಅಂಟಿಸಿದರೆ ಅವರು ದೊಡ್ಡವರಾಗುವುದಿಲ್ಲ.

ಮದ್ರಾಸಿನವರು ಬಾಗಿಲು ತೆರೆಯುತ್ತಾರೆಯೇ ಎಂಬ ಅನುಮಾನ ಬೇಡ. ನಾವು ಅವರಿಂದ ಬೇರೆಯಾಗಿ ಹತ್ತು ವರ್ಷ ಕಳೆದ ಮೇಲೂ, 1967ರಲ್ಲಿ, ತುಳು-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ್ದು ಮದ್ರಾಸ್ ವಿಶ್ವವಿದ್ಯಾಲಯ. ಅಲ್ಲಿನ ಕನ್ನಡ ಪ್ರಾಧ್ಯಾಪಕ ಮರಿಯಪ್ಪ ಭಟ್ಟರು ಶಂಕರ ಕೆದಿಲಾಯರ ಜೊತೆ ಕೂಡಿ ಮಾಡಿದ ಕೆಲಸ ಅದು. ಮಂಗಳೂರಿನಲ್ಲಿ ಅಚ್ಚಾಗಿದ್ದ ಕಿಟೆಲ್ ನಿಘಂಟನ್ನು ಭಟ್ಟರು ಪರಿಷ್ಕರಿಸಿ, ಹಿಗ್ಗಿಸಿ, ನಾಲ್ಕು ಸಂಪುಟಗಳಲ್ಲಿ ತಂದದ್ದನ್ನೂ ಅದೇ ವಿಶ್ವವಿದ್ಯಾಲಯ ಪ್ರಕಟಿಸಿತು. ಗಡಿ ಬದಲಾದರೂ ನಮ್ಮ ಭಾಷೆಗಳ ಕೆಲಸವನ್ನು ಅವರು ಕೈಬಿಡಲಿಲ್ಲ. ಈಗ ಕೇಳುವ ಸರದಿ ನಮ್ಮದು.

ತಾವು ಮಾಡಬೇಕಾದದ್ದು ಬಹಳವಿಲ್ಲ. 1857ರಿಂದ 1956ರವರೆಗಿನ ಪದವೀಧರರ ದಾಖಲೆಗಳ ಸ್ಕ್ಯಾನ್ ಪ್ರತಿ ಕೋರಿ ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿಗಳಿಗೆ ತಮ್ಮ ಲೆಟರ್‌ಹೆಡ್‌ನಲ್ಲಿ ಪತ್ರ ಬರೆಯಬೇಕು. ಮಂಗಳೂರು ವಿಶ್ವವಿದ್ಯಾಲಯ ಮತ್ತು ಇಲ್ಲಿನ ಹಳೆಯ ಕಾಲೇಜುಗಳ ಪ್ರಾಂಶುಪಾಲರನ್ನು ಒಂದು ಸಭೆಗೆ ಕರೆದು, ದಾಖಲಾತಿ ಪುಸ್ತಕಗಳು ಹಾಳಾಗುವ ಮೊದಲು ಪ್ರತಿ ತೆಗೆಸಬೇಕು. ಉಡುಪಿ ಮತ್ತು ಕಾಸರಗೋಡಿನ ಸಂಸದರನ್ನೂ ಜೊತೆಗೂಡಿಸಿಕೊಂಡರೆ ಹಳೆಯ ಜಿಲ್ಲೆ ಈ ಒಂದು ಕೆಲಸಕ್ಕಾದರೂ ಒಟ್ಟಾದೀತು. ಪಕ್ಷ ಯಾವುದಾದರೂ ಇರಲಿ. ಅಚ್ಚಾದ ಪುಸ್ತಕ ಎಲ್ಲ ಸರ್ಕಾರಿ ಪ್ರೌಢಶಾಲೆಗಳ ಗ್ರಂಥಾಲಯ ಸೇರಬೇಕು.

ಇಂಗ್ಲಿಷ್ ಪಟ್ಟಿಗಳನ್ನು ಓದಿ, ಊರು ಗುರುತಿಸಿ, ಕನ್ನಡಕ್ಕೆ ಇಳಿಸಲು ನಿವೃತ್ತ ಶಿಕ್ಷಕರ ಒಂದು ಗುಂಪು ತಯಾರಿದೆ. ಸಂಬಳ ಬೇಡ. ಕೂರಲು ಒಂದು ಕೋಣೆ, ಎರಡು ಕಂಪ್ಯೂಟರ್ ಸಾಕು. ತಮ್ಮ ಕಚೇರಿಯಿಂದ ದಿನ ತಿಳಿಸಿದರೆ ಮದ್ರಾಸಿಗೆ ಕಳಿಸಬೇಕಾದ ಪತ್ರದ ಕರಡನ್ನು ಹಿಡಿದುಕೊಂಡೇ ಬರುತ್ತೇವೆ.

ಇಂತು ತಮ್ಮ ವಿಶ್ವಾಸಿ,
ಬಂಟ್ವಾಳ ತಾಲೂಕಿನ ಒಬ್ಬ ನಿವೃತ್ತ ಶಿಕ್ಷಕ