ಪಾಟಾ ಏರಿಸಿದ ಪಿಕಪ್‌ಗಳ ಬ್ರೇಕನ್ನೂ ಪರೀಕ್ಷಿಸಲಿ

ಮಾನ್ಯ ಸಂಪಾದಕರೇ,

ಉಳ್ಳಾಗಡ್ಡಿ ಹಂಗಾಮು ಬಂತೆಂದರೆ ಗದಗ, ರೋಣ, ನರಗುಂದದ ಕಡೆಯಿಂದ ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೆ ಹೊರಡುವ ಪಿಕಪ್‌ಗಳಲ್ಲಿ ಹಿಂಬದಿ ಎತ್ತರಿಸಿದ ಗಾಡಿಗಳು ಬಹಳ ಕಣ್ಣಿಗೆ ಬೀಳುತ್ತವೆ. ಇವುಗಳ ಬಗ್ಗೆ ಮಾತು ಬಂದಾಗಲೆಲ್ಲ ಅದು ಹೆಚ್ಚುವರಿ ಭಾರ ಮತ್ತು ದಂಡದ ಸುತ್ತಲೇ ಸುಳಿಯುತ್ತದೆ. ಪಾಟಾ, ಅಂದರೆ ಗಾಡಿಯ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಏರಿಸಿದಾಗ ಬ್ರೇಕಿಗೆ ಏನಾಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ನನ್ನ ಗಾಡಿಯೇ ಕಲಿಸಿತು.

ನನ್ನ ಪಿಕಪ್ ನೋಂದಣಿ ಪತ್ರದ ಪ್ರಕಾರ ಹೊರಬೇಕಾದದ್ದು 1,300 ಕಿಲೊ, ಅಂದರೆ 50 ಕಿಲೊದ 26 ಚೀಲ. ಇಪ್ಪತ್ತಾರಕ್ಕೇ ನಿಲ್ಲಿಸಿದವನು ನಾನೂ ಅಲ್ಲ. ಎರಡು ಹಂಗಾಮು ಮೂವತ್ತೈದು, ನಲವತ್ತು ಚೀಲ ಹೇರಿದ ಮೇಲೆ ಪಾಟಾಗಳು ಬಾಗು ಕಳೆದುಕೊಂಡು ನೆಟ್ಟಗಾದವು, ಗುಂಡಿ ಬಂದಾಗಲೆಲ್ಲ ಹೌಸಿಂಗ್ (ಹಿಂದಿನ ಚಕ್ರಗಳ ಅಚ್ಚಿನ ಕವಚ) ಚಾಸಿಗೆ ಬಡಿಯತೊಡಗಿತು, ಹಿಂದೆ ಕುಸಿದ ಗಾಡಿಯ ಹೆಡ್‌ಲೈಟ್ ಮೇಲೆ ಎದ್ದು ಎದುರಿನವರ ಕಣ್ಣು ಕುಕ್ಕುತ್ತಿತ್ತು. ಆದ್ದರಿಂದ ಏರಿಸಬೇಕೆನ್ನುವ ಆಸೆಯೇ ತಪ್ಪು ಎಂದು ನಾನು ಹೇಳಲಾರೆ. ಗ್ಯಾರೇಜಿನಲ್ಲಿ ಪ್ರತಿ ಬದಿಗೆ ಎರಡೆರಡು ದಪ್ಪ ಪಾಟಾ ಸೇರಿಸಿ, ಹೌಸಿಂಗ್ ಮತ್ತು ಪಾಟಾದ ನಡುವೆ ಕಬ್ಬಿಣದ ಗಟ್ಟಿ ಇಟ್ಟು, ಉದ್ದನೆಯ ಯು ಬೋಲ್ಟ್ ಹಾಕಿ ಬಿಗಿದು ಕೊಟ್ಟರು.

ತಿಂಗಳೊಳಗೆ ಅಣ್ಣಿಗೇರಿ ದಾಟಿದ ಮೇಲೆ, ಮಳೆಯಲ್ಲಿ, ಎಮ್ಮೆಯೊಂದು ಅಡ್ಡ ಬಂತು. ಪೆಡಲನ್ನು ಪೂರ್ತಿ ತುಳಿದರೂ ನಿಲ್ಲದ ಭರ್ತಿ ಗಾಡಿ ರಸ್ತೆ ಬಿಟ್ಟು ಎರಿ ಹೊಲಕ್ಕೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಎಮ್ಮೆಗೂ ಇಲ್ಲ. ಆಮೇಲೆ ಬಿಚ್ಚಿ ನೋಡಿದರೆ ಮುಂದಿನ ಬ್ರೇಕ್ ಪ್ಯಾಡ್‌ಗಳು ಸವೆದು ಹೋಗಿದ್ದವು, ಹಿಂದಿನ ಲೈನರ್‌ಗಳು ಹೊಸದರಂತಿದ್ದವು. ಬೇರೊಬ್ಬ ಮೇಸ್ತ್ರಿ ಗಾಡಿಯ ಕೆಳಗೆ ಮಲಗಿ ಒಂದು ಸಣ್ಣ ಸರಳನ್ನು ತೋರಿಸಿದರು.

ಅನೇಕ ಪಿಕಪ್‌ಗಳಲ್ಲಿ ಚಾಸಿಗೆ ಒಂದು ವಾಲ್ವ್ ಇರುತ್ತದೆ. ಮೇಸ್ತ್ರಿಗಳು ಅದನ್ನು ಎಲ್‌ಎಸ್‌ಪಿವಿ ಎನ್ನುತ್ತಾರೆ. ಅದರಿಂದ ಹೊರಟ ಸರಳು ಹೌಸಿಂಗ್‌ಗೆ ಸೇರಿರುತ್ತದೆ. ಭಾರ ಹೆಚ್ಚಿದಂತೆ ಚಾಸಿ ಕೆಳಗಿಳಿದು ಸರಳು ಸರಿಯುತ್ತದೆ, ವಾಲ್ವ್ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಒತ್ತಡ ಬಿಡುತ್ತದೆ. ಗಾಡಿ ಖಾಲಿ ಇದ್ದರೆ ಹಿಂದಿನ ಚಕ್ರ ಕಚ್ಚಿಕೊಂಡು ಜಾರಬಾರದೆಂದು ಒತ್ತಡವನ್ನು ತಗ್ಗಿಸುತ್ತದೆ. ಚೀಲ ಎಷ್ಟಿವೆ ಎಂಬುದು ಅದಕ್ಕೆ ತಿಳಿಯದು, ಚಾಸಿ ಮತ್ತು ಹೌಸಿಂಗ್ ನಡುವಿನ ಅಂತರವಷ್ಟೇ ತಿಳಿಯುತ್ತದೆ. ಅಂತರವನ್ನು ನಾವೇ ಹೆಚ್ಚಿಸಿದ ಮೇಲೆ ನಲವತ್ತು ಚೀಲ ಹೊತ್ತ ಗಾಡಿಯೂ ಅದರ ಲೆಕ್ಕದಲ್ಲಿ ಹೆಚ್ಚುಕಡಿಮೆ ಖಾಲಿಯೇ. ಇದಕ್ಕೆ ಕೆಲವರು ಸರಳನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಡುತ್ತಾರೆ. ಆಗ ಖಾಲಿ ಗಾಡಿ ಮಳೆಯಲ್ಲಿ ಬ್ರೇಕ್ ಹಾಕಿದೊಡನೆ ಹಿಂಬದಿ ತಿರುಗಿ ನಿಲ್ಲುತ್ತದೆ. ಎತ್ತರ ಮಾತ್ರ ಬದಲಾಗಿದ್ದರೆ ಕಂಪನಿ ಕೊಟ್ಟ ಅಳತೆಗೆ ಸರಳನ್ನು ಹೊಂದಿಸಬಹುದು. ಪಾಟಾ ಬಿರುಸಾಗಿದ್ದರೆ, ಅದೇ ಭಾರಕ್ಕೆ ಚಾಸಿ ಮೊದಲಿನಷ್ಟು ಇಳಿಯುವುದೇ ಇಲ್ಲವಾದ್ದರಿಂದ, ಹೊಂದಿಸಿದರೂ ಲೆಕ್ಕ ಪೂರ್ತಿ ಕೂಡುವುದಿಲ್ಲ.

ಬಿರುಸಿನ ಲೆಕ್ಕವೂ ನಾವು ಅಂದುಕೊಂಡಂತಿಲ್ಲ. ಐದು ಪಾಟಾಗಳಿಗೆ ಅದೇ ದಪ್ಪದ ಮತ್ತೊಂದನ್ನು ಸೇರಿಸಿದರೆ ಸುಮಾರು ಐದನೇ ಒಂದು ಪಾಲು ಬಿರುಸು ಹೆಚ್ಚುತ್ತದೆ. ಆದರೆ ದಪ್ಪ ಹೆಚ್ಚಿದರೆ ಬಿರುಸು ಅದರ ಘನದಂತೆ ಏರುತ್ತದೆ: 8 ಮಿ.ಮೀ. ಪಾಟಾ ಇದ್ದಲ್ಲಿ 10 ಮಿ.ಮೀ. ಹಾಕಿದರೆ ಆ ಒಂದು ಪಾಟಾ ಹೆಚ್ಚುಕಡಿಮೆ ಇಮ್ಮಡಿ ಬಿರುಸು. ಹಳೆಯ ಶಾಕ್ ಅಬ್ಸಾರ್ಬರ್ ಅದನ್ನು ತಡೆಯಲಾರದೆ ಖಾಲಿ ಗಾಡಿ ಪುಟಿಯುತ್ತದೆ, ಪುಟಿದ ಚಕ್ರಕ್ಕೆ ರಸ್ತೆಯ ಹಿಡಿತ ತಪ್ಪುತ್ತದೆ. ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳನ್ನು ಇಂಥದೇ ಗಾಡಿಗಳ ಹಿಂದೆ ನಿಲ್ಲಿಸಿಕೊಂಡು ಹೋಗುವುದು ಕಾನೂನಿಗೆ ವಿರುದ್ಧವಾದರೂ ನಮ್ಮ ಕಡೆ ದಿನನಿತ್ಯದ ನೋಟವೆಂಬುದನ್ನು ಇಲ್ಲಿ ನೆನೆಯಬೇಕು. ಇನ್ನು ಜೋತುಬಿದ್ದ ಪಾಟಾವನ್ನು ಗ್ಯಾಸಿನಿಂದ ಕೆಂಪಗೆ ಕಾಯಿಸಿ, ಬಡಿದು ಬಾಗಿಸುವುದು ಹಣ ದಂಡ: ಎಣ್ಣೆಯಲ್ಲಿ ತಣಿಸಿ, ಅಳತೆಯ ಶಾಖದಲ್ಲಿ ಹದಗೊಳಿಸಿದ ಉಕ್ಕು ಆ ಹದವನ್ನು ಕಳೆದುಕೊಂಡು ಮತ್ತೆ ಬೇಗ ಕುಸಿಯುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆಯನ್ನು ನಿಷೇಧಿಸುತ್ತದೆ, 2019ರ ತಿದ್ದುಪಡಿ ಅಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಇಲ್ಲವೇ ಎರಡನ್ನೂ ಹೇಳುತ್ತದೆ. ಸವೆದ ಪಾಟಾ ತೆಗೆದು ಅದೇ ಅಳತೆಯ ಹೊಸದನ್ನು ಹಾಕಿಸುವುದು ದುರಸ್ತಿ. ನಾನು ಮಾಡಿಸಿದ್ದು ದುರಸ್ತಿಯಾಗಿರಲಿಲ್ಲ. ಈಗ ಕಬ್ಬಿಣದ ಗಟ್ಟಿಯನ್ನೂ ದಪ್ಪ ಪಾಟಾಗಳನ್ನೂ ತೆಗೆಸಿ, ಕಂಪನಿ ಅಳತೆಯ ಹೊಸ ಸೆಟ್ ಹಾಕಿಸಿ, ಸರಳನ್ನು ಹೊಂದಿಸಿಕೊಂಡು 26 ಚೀಲಕ್ಕೆ ನಿಂತಿದ್ದೇನೆ. ಬಾಡಿಗೆ ಕಡಿಮೆಯಾಗಿದೆ, ಅದನ್ನು ಮುಚ್ಚಿಡುವುದಿಲ್ಲ.

ಸರಕು ವಾಹನಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ, ಗಾಡಿ ಓಡಿಸಲು ಯೋಗ್ಯವೇ ಎಂದು ನೋಡುವ ಎಫ್‌ಸಿಗೆ, ನಮ್ಮ ಮಾತಿನಲ್ಲಿ ಪಾಸಿಂಗ್‌ಗೆ, ಹೋಗಲೇಬೇಕು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸಾರಿಗೆ ಅಧಿಕಾರಿಗಳು ಆ ದಿನ ಪಾಟಾಗಳ ಸಂಖ್ಯೆ, ದಪ್ಪ ಮತ್ತು ಈ ವಾಲ್ವಿನ ಸರಳನ್ನು ಕಡ್ಡಾಯವಾಗಿ ನೋಡಲಿ. ಸರಳು ತಪ್ಪಿದ್ದರೆ ಮೊದಲ ಸಲ ದಂಡದ ಬದಲು ಸರಿಪಡಿಸಿಕೊಂಡು ಬರಲು ವಾರದ ಗಡುವು ಕೊಡಲಿ. ಪಾಟಾ ಕೆಲಸ ಮಾಡುವ ಗ್ಯಾರೇಜಿನವರಿಗೆ ಸರಳು ಹೊಂದಿಸುವ ಅಳತೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚುವಂತೆ ಪಿಕಪ್ ತಯಾರಿಸುವ ಕಂಪನಿಗಳಿಗೂ ಇಲಾಖೆ ಬರೆಯಲಿ.

ಇತಿ,
ಒಬ್ಬ ಪಿಕಪ್ ಮಾಲೀಕ
ಮುಳಗುಂದ, ಗದಗ ತಾಲ್ಲೂಕು