ಔಷಧಿ ಅಂಗಡಿಯ ಅಣ್ಣಾರಿಗೆ
ಹುಬ್ಬಳ್ಳಿ ಕೊಪ್ಪಿಕರ್ ರಸ್ತೆಯ ಔಷಧಿ ಅಂಗಡಿಯಲ್ಲಿದ್ದ ಅಣ್ಣಾರೇ, ನಿಮ್ಮ ಹೆಸರು ಗೊತ್ತಿಲ್ಲ. ಅವ್ವನಿಗೆ ಹಾಕಿಸಿದ್ದ ಬದಲಿ ಮೊಣಕಾಲು ಮತ್ತೆ ಊದಿತ್ತು. ಹೊಲಿಗೆ ಗೆರೆಯ ಪಕ್ಕದ ಸಣ್ಣ ತೂತಿನಿಂದ ಕೀವು ಜಿನುಗುತ್ತಿತ್ತು. ಹಳೇ ಚೀಟಿ ತೋರಿಸಿದೆ. ನೀವು ಗುಳಿಗೆ ಕೊಡಲಿಲ್ಲ. "ಮೊದಲು ಕೀಲಿನ ನೀರು ತೆಗೆಸಿ ಕಲ್ಚರ್‌ಗೆ ಅಂದ್ರೆ ಕ್ರಿಮಿ ಬೆಳೆಸಿ ನೋಡೋ ಪರೀಕ್ಷೆಗೆ ಕೊಡ್ರಿ. ಈಗ ಆಂಟಿಬಯಾಟಿಕ್ ತಗೊಂಡ್ರೆ ಯಾವ ಕ್ರಿಮಿ ಅಂತ ಸಿಗೋದು ಕಷ್ಟ" ಅಂದ್ರಿ. ಗಿರಾಕಿಗಳು ಕಾಯುತ್ತಿದ್ದರೂ ಚೀಟಿ ಹಿಂದೆ ಅದನ್ನೇ ಬರೆದುಕೊಟ್ಟಿರಿ.

ಕ್ರಿಮಿ ಸಿಕ್ಕಿತು. ಅವು ಬದಲಿ ಕೀಲಿನ ಲೋಹದ ಮೇಲೆ ಲೋಳೆಪದರ ಕಟ್ಟಿಕೊಂಡು ಕೂರುತ್ತವಂತೆ, ಅಲ್ಲಿಗೆ ಔಷಧಿ ಸರಿಯಾಗಿ ಮುಟ್ಟಲ್ಲ. ಅದಕ್ಕೇ ಸೋಂಕು ಪದೇ ಪದೇ ಬರುತ್ತಿತ್ತು. ಈಗ ಆ ಕೀಲು ತೆಗೆದು, ಆ ಜಾಗದಲ್ಲಿ ಆಂಟಿಬಯಾಟಿಕ್ ಬೆರೆಸಿದ ಮೂಳೆ ಸಿಮೆಂಟ್ ಇಟ್ಟಿದ್ದಾರೆ. ಸೋಂಕು ಹೋದ ಮೇಲೆ ಹೊಸ ಕೀಲು. ಅವ್ವ ವಾಕರ್ ಹಿಡಿದು ಬಚ್ಚಲಿಗೆ ತಾನೇ ಹೋಗುತ್ತಾಳೆ. ವ್ಯಾಪಾರ ಬಿಟ್ಟು ನಮ್ಮ ಅವ್ವನ ಕಾಲಿನ ಚಿಂತೆ ಮಾಡಿದಿರಿ. ತುಂಬಾ ಧನ್ಯವಾದ, ಅಣ್ಣಾರೇ.