ಬೆಳಕಿನ ವಿದ್ಯೆಗೆ ಹೊರಟ ಮಗಳಿಗೆ

ದಾವಣಗೆರೆ

ಚಿ. ಕಾವ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನಿನಗೆ ಪಿಎಚ್‌ಡಿ ಸೀಟು ಸಿಕ್ಕಿದೆ, ಬೆಳಕಿನಿಂದ ಮೈಯೊಳಗಿನ ಚಿತ್ರ ತೆಗೆಯುವ ಲ್ಯಾಬಂತೆ ಎಂದು ನಿಮ್ಮಪ್ಪ ಫೋನ್ ಮಾಡಿ ಹೇಳಿದ. ಬಹಳ ಖುಷಿಯಾಯಿತು. ನೀನು ಕೇಳದಿದ್ದರೂ ನಾಲ್ಕು ಮಾತು ಹೇಳುತ್ತೇನೆ. ವಿಜ್ಞಾನದ ಮೇಷ್ಟ್ರಾಗಿದ್ದವನ ಬಾಯಿ ಸುಮ್ನಿರಲ್ಲ.

ಸಕ್ಕರೆ ಕಾಯಿಲೆಯವನಲ್ವಾ, ಕಣ್ಣಾಸ್ಪತ್ರೆಯಲ್ಲಿ ಓಸಿಟಿ, ಅಂದರೆ ಬೆಳಕಿನಿಂದ ಕಣ್ಣೊಳಗಿನ ಚಿತ್ರ ತೆಗೆಯುವ ಸ್ಕ್ಯಾನ್, ಮಾಡಿಸುತ್ತಲೇ ಇರುತ್ತೇನೆ. ಗದ್ದ ಇಟ್ಟು, ಹಣೆ ಪಟ್ಟಿಗೆ ಒತ್ತಿ, ಒಳಗಿನ ಗುರುತನ್ನೇ ನೋಡುತ್ತಾ ಕೂತರೆ ಮುಗೀತು. ಸೂಜಿಯಿಲ್ಲ, ಎಕ್ಸ್‌ರೇ ಇಲ್ಲ. ರೆಟಿನಾ ಪದರ ಪದರವಾಗಿ ಪರದೆ ಮೇಲೆ ಬರುತ್ತದೆ. ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಸಣ್ಣದನ್ನೂ ಬಿಡಿಸಿ ತೋರಿಸುತ್ತದೆ. ಅಮೆರಿಕದಲ್ಲಿ ಹುವಾಂಗ್, ಫುಜಿಮೋಟೊ, ಸ್ವಾನ್ಸನ್ ಮತ್ತು ಜೊತೆಗಾರರು 1991ರಲ್ಲಿ ಇದನ್ನು ಪ್ರಕಟಿಸಿದರು. ಆ ಮೂವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಬಂದಿದ್ದು 2023ರಲ್ಲಿ.

ಕಣ್ಣು ಬೆಳಕಿಗೆಂದೇ ಇರುವ ಅಂಗ. ಚರ್ಮ ಹಾಗಲ್ಲ. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚಿಗೆ ಬೆರಳು ಒತ್ತಿ ಹಿಡಿ. ಬೆರಳೆಲ್ಲ ಕೆಂಪಗೆ ಹೊಳೆಯುತ್ತದೆ, ಮೂಳೆ ಮಾತ್ರ ಕಾಣಲ್ಲ. ಹಸಿರು, ನೀಲಿಯನ್ನು ರಕ್ತ ಹೀರಿಕೊಂಡಿತು. ಉಳಿದ ಕೆಂಪು ಆಚೆ ದಾಟಿತು, ಆದರೆ ಒಳಗೆ ಕಂಡಕಂಡ ಕಡೆ ಚದುರಿಹೋಯಿತು. ಚಿತ್ರ ಕೆಡುವುದು ಅಲ್ಲೇ.

2024ರಲ್ಲಿ ಸ್ಟ್ಯಾನ್‌ಫರ್ಡ್‌ನವರು ತಿಂಡಿಗೆ ಹಾಕುವ ಹಳದಿ ಬಣ್ಣ ಟಾರ್ಟ್ರಜೀನ್ ಸವರಿ ಇಲಿಯ ಚರ್ಮವನ್ನೇ ಪಾರದರ್ಶಕ ಮಾಡಿದರಲ್ಲ, ಅದೂ ಈ ಚದುರುವಿಕೆಯನ್ನು ತಡೆಯುವ ಉಪಾಯವೇ. ತೊಳೆದರೆ ಚರ್ಮ ಮೊದಲಿನಂತೆ. ಚೆನ್ನಾಗಿದೆ, ಆದರೆ ನಮ್ಮ ಚರ್ಮ ಇಲಿಯದಕ್ಕಿಂತ ಎಷ್ಟೋ ದಪ್ಪ. ಅಂಥ ಸುದ್ದಿಗೆ ಮರುಳಾಗಬೇಡ.

ನಿಮ್ಮ ಲ್ಯಾಬಿನ ಫೋಟೋಅಕೌಸ್ಟಿಕ್ ದಾರಿ ನನಗೆ ಜಾಸ್ತಿ ಹಿಡಿಸಿತು. ಲೇಸರ್ ಮಿಂಚು ಬಿದ್ದಾಗ ರಕ್ತ ಕ್ಷಣಮಾತ್ರ ಬಿಸಿಯಾಗಿ ಹಿಗ್ಗುತ್ತದೆ, ಅದರಿಂದ ಸದ್ದು ಹುಟ್ಟುತ್ತದೆ, ಆ ಸದ್ದನ್ನು ಅಲ್ಟ್ರಾಸೌಂಡ್ ಹಿಡಿಯುತ್ತದೆ. ಮೈಯೊಳಗೆ ಸದ್ದು ಬೆಳಕಿನಷ್ಟು ಚದುರುವುದಿಲ್ಲ. ಹಾಗಾಗಿ ಕೆಲವು ಸೆಂಟಿಮೀಟರ್ ಆಳದವರೆಗೂ ನೋಡಬಹುದು. ಬೆಳಕಿನಿಂದ ಸದ್ದು ಹುಟ್ಟುವುದನ್ನು ಗ್ರಹಾಂ ಬೆಲ್ 1880ರಲ್ಲೇ ಕಂಡಿದ್ದ!

ಈಗ ಮುಖ್ಯ ಮಾತು. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಆಕ್ಸಿಮೀಟರ್ ಕೂಡ ಬೆಳಕಿನ ಯಂತ್ರವೇ. ರಕ್ತದಲ್ಲಿ ಆಕ್ಸಿಜನ್ ಕಡಿಮೆಯಿದ್ದರೂ ಸರಿಯಿದೆ ಎಂದು ಅದು ತೋರಿಸಿದ್ದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ ಎಂದು ಅಮೆರಿಕದ ವೈದ್ಯರು 2020ರಲ್ಲಿ ಬರೆದರು. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಹೀರುತ್ತದೆ. ನಿನ್ನ ಲೇಸರನ್ನೂ ಅದು ಬಿಡಲ್ಲ, ಮೇಲ್ಪದರದಲ್ಲೇ ದೊಡ್ಡ ಸದ್ದು ಎಬ್ಬಿಸುತ್ತದೆ.

ಅದಕ್ಕೇ, ಯಂತ್ರವನ್ನು ಯಾರ ಮೇಲೆ ಪರೀಕ್ಷೆ ಮಾಡ್ತೀರಿ ಅಂತ ನಿನ್ನ ಗೈಡನ್ನು ಮೊದಲೇ ಕೇಳು. ಲ್ಯಾಬಿನ ಹುಡುಗ ಹುಡುಗಿಯರ ಮೇಲೆ ಅಂದರೆ ಅಷ್ಟಕ್ಕೇ ಒಪ್ಪಬೇಡ. ಚಳ್ಳಕೆರೆ ಕಡೆ ಶೇಂಗಾ ಹೊಲದಲ್ಲಿ ಬಿಸಿಲು ಕುಡಿದ ಮೈಯವರೂ ಪಟ್ಟಿಯಲ್ಲಿರಲಿ. ಅವರಿಗೆ ಕೊಡುವ ಒಪ್ಪಿಗೆ ಪತ್ರ ಓದಿದರೆ ತಿಳಿಯುವ ಕನ್ನಡದಲ್ಲಿರಬೇಕು. ಕರಡು ಕಳಿಸು, ನಾನೇ ತಿದ್ದಿಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ